ಕಾಣುವ ಹೊಗೆ, ಕಾಣದ ಹೊಗೆ: ಹೊಸೂರು–ಕೃಷ್ಣಗಿರಿ ಸೀಮೆಯ ಸಣ್ಣ ಎಂಜಿನ್‌ಗಳಲ್ಲಿ ಪೆಟ್ರೋಲ್ ಮತ್ತು ಆಯಿಲಿನ ಪಾತ್ರ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಸ್ಲೈಡ್ ತೋರಿಸಿ ಹೇಳಿದ ಕಡೆಗಳಲ್ಲಿ ಮಾತ್ರ ವಾಕ್ಯಗಳನ್ನು ತಿದ್ದಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರಗಳಿವೆ.)

  

ರಾಯಕೋಟೆ ಕಡೆ ಒಂದು ಟೊಮೆಟೊ ತೋಟದ ಬದುವಿನಲ್ಲಿ ನಿಂತಿದ್ದೆ. ಔಷಧಿ ಹೊಡೆಯೋಕೆ ಬಂದಿದ್ದ ಅಣ್ಣ ಒಬ್ಬರು ಪವರ್ ಸ್ಪ್ರೇಯರಿಗೆ ಪೆಟ್ರೋಲ್ ತುಂಬಿಸ್ತಾ ಇದ್ದರು. ಒಂದು ಲೀಟರ್ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇತ್ತು. ಅದಕ್ಕೆ ಇನ್ನೊಂದು ಬಾಟಲಿಯಿಂದ ಆಯಿಲ್ ಸುರಿದರು. ಅಳತೆ ಏನೂ ಇಲ್ಲ, ಬಣ್ಣ ನೋಡಿ ನಿಲ್ಲಿಸಿದರು. "ಎಷ್ಟು ಹಾಕ್ತೀರಣ್ಣ?" ಅಂತ ಕೇಳಿದೆ. "ಕಣ್ಣಳತೆ. ಕಮ್ಮಿ ಆದ್ರೆ ಎಂಜಿನ್ ಹಿಡ್ಕೊಂಡ್ಬಿಡುತ್ತೆ. ಜಾಸ್ತಿ ಆದ್ರೆ ಏನೂ ಆಗಲ್ಲ" ಅಂದರು. ಹಗ್ಗ ಎಳೆದು ಸ್ಟಾರ್ಟ್ ಮಾಡಿ ಬೆನ್ನಿಗೆ ಹಾಕಿಕೊಂಡರು. ನೀಲಿ-ಬಿಳಿ ಹೊಗೆ ಅವರ ಹೆಗಲ ಪಕ್ಕದಲ್ಲೇ ಎದ್ದು, ಗಾಳಿ ತಿರುಗಿದಾಗಲೆಲ್ಲ ಮುಖಕ್ಕೇ ಬರ್ತಿತ್ತು. ಔಷಧಿಗೆ ಅಂತ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದರು. ಎಂಜಿನ್ ಹೊಗೆಯ ಲೆಕ್ಕ ಅವರು ಇಟ್ಟೇ ಇರಲಿಲ್ಲ.

"ಜಾಸ್ತಿ ಆದ್ರೆ ಏನೂ ಆಗಲ್ಲ" ಎಂಬ ಆ ಒಂದು ಮಾತನ್ನೇ ಇವತ್ತು ಬಿಡಿಸಿ ನೋಡೋಣ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ಟೂ-ಸ್ಟ್ರೋಕ್ ಎಂಜಿನ್ನಿನ ಕಣ್ಣಿಗೆ ಕಾಣುವ ಹೊಗೆ ಬಹುಪಾಲು ಆಯಿಲಿನದು. ಆಯಿಲಿನ ಜಾತಿ, ಪ್ರಮಾಣ ಬದಲಾಯಿಸಿದರೆ ಅದು ಕಡಿಮೆಯಾಗುತ್ತೆ. ಕಾಣದ ಹೊಗೆ, ಅಂದರೆ ಸುಡದೇ ಹೊರಗೆ ಹೋಗುವ ಪೆಟ್ರೋಲ್, ಎಂಜಿನ್ನಿನ ರಚನೆಯಿಂದಲೇ ಬರುವಂಥದ್ದು. ಅದಕ್ಕೆ ಆಯಿಲ್ ಬದಲಾಯಿಸಿ ಪ್ರಯೋಜನ ಇಲ್ಲ. ಇನ್ನು ನಮ್ಮ ಹೊಗೆ ತಪಾಸಣೆ ಅಳೆಯೋದು ಎರಡನೆಯದನ್ನು ಮಾತ್ರ. ಅದೂ ರಸ್ತೆ ಮೇಲಿನ ಗಾಡಿಗೆ, ಬೆನ್ನ ಮೇಲಿನ ಎಂಜಿನ್ನಿಗೆ ಅದೂ ಇಲ್ಲ.

ಈ ವಿಷಯಕ್ಕೆ ಹೊಸೂರೇ ಯಾಕೆ ಅಂತ ಕೇಳಬಹುದು. ಭಾರತದ ಟೂ-ಸ್ಟ್ರೋಕ್ ಕಥೆಯ ದೊಡ್ಡ ಭಾಗ ನಡೆದದ್ದೇ ಇಲ್ಲಿ. ಇಬ್ಬರು ಕೂರಬಹುದಾದ ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊಸೂರು ಕಾರ್ಖಾನೆಯಿಂದ ಹೊರಬಂತು. ಆಮೇಲೆ ಸುಜುಕಿ ಜೊತೆ ಸೇರಿ 100 ಸಿಸಿ ಟೂ-ಸ್ಟ್ರೋಕ್ ಬೈಕುಗಳು ಬಂದವು. ಮುಂದೆ ಸುಮಾರು 70 ಸಿಸಿಯ ಎಕ್ಸೆಲ್ ಸೂಪರ್. ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಗೆ, ಶೂಲಗಿರಿ, ಎಲ್ಲಿ ಹೋದರೂ ಹಾಲಿನ ಕ್ಯಾನು, ಕೋಸಿನ ಮೂಟೆ, ಗುಲಾಬಿ ಕಟ್ಟು, ಮೇಕೆ ಮರಿ ಎಲ್ಲವನ್ನೂ ಹೊತ್ತದ್ದು ಈ ಗಾಡಿಗಳೇ. ನಮ್ಮ ಕಡೆ ಮನೇಲಿ ಕನ್ನಡ, ಸಂತೆಯಲ್ಲಿ ತಮಿಳು, ತೆಲುಗು. ಮೆಕ್ಯಾನಿಕ್ ಶೆಡ್ಡಿನಲ್ಲಿ ಮೂರೂ ಕಲಸಿದ ಒಂದು ಭಾಷೆ. ಆದರೆ "ಆಯಿಲ್ ಜಾಸ್ತಿ ಹಾಕು" ಅನ್ನೋ ಸಲಹೆ ಮಾತ್ರ ಮೂರು ಭಾಷೆಯಲ್ಲೂ ಒಂದೇ!

ಈಗ ಎಂಜಿನ್ ಒಳಗೆ ಏನಾಗುತ್ತೆ ನೋಡೋಣ. ಮುಂದಿನ ಸ್ಲೈಡ್.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಅನಿಲವನ್ನು ಹೊರಗೆ ತಳ್ಳೋಕೆ ಪಿಸ್ಟನ್ನಿನ ಒಂದು ಪೂರ್ತಿ ಹೊಡೆತ ಮೀಸಲು. ಟೂ-ಸ್ಟ್ರೋಕಿನಲ್ಲಿ ಆ ಪುರುಸೊತ್ತು ಇಲ್ಲ. ಪಿಸ್ಟನ್ ಕೆಳಗೆ ಬಂದಾಗ ಸಿಲಿಂಡರ್ ಗೋಡೆಯ ಎಕ್ಸಾಸ್ಟ್ ರಂಧ್ರವೂ ಹೊಸ ಮಿಶ್ರಣ ಬರುವ ರಂಧ್ರವೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹೊಸ ಮಿಶ್ರಣ ಒಳಗೆ ನುಗ್ಗಿ ಹಳೇ ಹೊಗೆಯನ್ನು ಹೊರಗೆ ತಳ್ಳಬೇಕು. ಮುಂಬಾಗಿಲಿಂದ ನೀರು ಎರಚಿ ಹಿಂಬಾಗಿಲಿಂದ ಕಸ ತಳ್ಳಿದ ಹಾಗೆ. ಕಸದ ಜೊತೆ ಒಳ್ಳೇ ನೀರೂ ಒಂದಿಷ್ಟು ಹೊರಗೆ ಹೋಗೇ ಹೋಗುತ್ತೆ. ಕಾರ್ಬುರೇಟರ್ ಇರುವ ಸಾಮಾನ್ಯ ಟೂ-ಸ್ಟ್ರೋಕಿನಲ್ಲಿ ಹೀಗೆ ಸುಡದೇ ನುಸುಳಿ ಹೋಗುವ ಪಾಲು ಶೇ 15ರಿಂದ 35ರವರೆಗೂ ಇರಬಹುದು ಎಂದು ಪಠ್ಯಪುಸ್ತಕಗಳೇ ಹೇಳುತ್ತವೆ.

ಒಂದು ಲೆಕ್ಕ ಮಾಡೋಣ, ನಿಮ್ಮ ನೋಟ್ಸಿನಲ್ಲಿ ನೀವೂ ಮಾಡಿ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತೆ. ಮೊಪೆಡ್ ಲೀಟರಿಗೆ 50 ಕಿ.ಮೀ. ಕೊಡುತ್ತೆ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಹೆಚ್ಚುಕಡಿಮೆ 15 ಗ್ರಾಂ ಪೆಟ್ರೋಲ್ ಆಯಿತು. ಅದರಲ್ಲಿ ಕಾಲು ಭಾಗ ನುಸುಳಿದರೆ ಕಿಲೋಮೀಟರಿಗೆ ಮೂರೂವರೆ ಗ್ರಾಂಗಿಂತ ಜಾಸ್ತಿ ಹಸೀ ಪೆಟ್ರೋಲ್ ಗಾಳಿಗೆ. ಈಗ ಕಾನೂನು ಏನು ಹೇಳ್ತಿತ್ತು ನೋಡಿ. ದ್ವಿಚಕ್ರ ವಾಹನಗಳಿಗೆ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಎರಡೂ ಸೇರಿ ಮಿತಿ 2000ದಲ್ಲಿ ಕಿ.ಮೀ.ಗೆ 2 ಗ್ರಾಂ, 2005ರಲ್ಲಿ 1.5, 2010ರ ಭಾರತ್ ಸ್ಟೇಜ್ 3ರಲ್ಲಿ 1 ಗ್ರಾಂ. ಮೂರೂವರೆ ಎಲ್ಲಿ, ಒಂದು ಎಲ್ಲಿ! ಈ ಅಂತರವನ್ನು ತುಂಬೋಕೆ ರಂಧ್ರಗಳ ಆಕಾರ ತಿದ್ದಿದರು, ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟು ನುಸುಳಿದ್ದನ್ನು ಅಲ್ಲೇ ಸುಟ್ಟರು. ಒಂದು ಹಂತದ ಮೇಲೆ ಅದೂ ಸಾಲಲಿಲ್ಲ. 2015ರಲ್ಲಿ ಹೊಸೂರಿನ ಮೊಪೆಡ್ಡೇ 99.7 ಸಿಸಿಯ ಫೋರ್-ಸ್ಟ್ರೋಕ್ ಆಗಿ ಎಕ್ಸೆಲ್ 100 ಎಂಬ ಹೆಸರಿನಲ್ಲಿ ಬಂತು. 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 4. ಅದಕ್ಕೆ ಮೂರು ದಿನ ಮುಂಚೆ, ಮಾರ್ಚ್ 29ರಂದು, ಸ್ಟೇಜ್ 3 ಗಾಡಿಗಳ ಮಾರಾಟ ಮತ್ತು ನೋಂದಣಿಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. 2020ರ ಸ್ಟೇಜ್ 6ರಲ್ಲಿ ಹೈಡ್ರೋಕಾರ್ಬನ್ ಮಿತಿಯೊಂದೇ ಕಿ.ಮೀ.ಗೆ 0.1 ಗ್ರಾಂ. ಕಾರ್ಬುರೇಟರ್ ಟೂ-ಸ್ಟ್ರೋಕಿಗೆ ಅಲ್ಲಿ ಜಾಗವೇ ಇಲ್ಲ.

ಗಮನಿಸಬೇಕಾದ್ದು ಇನ್ನೊಂದಿದೆ. ಈ ಸಾಲಿನಲ್ಲಿ ಹೈಡ್ರೋಕಾರ್ಬನ್ ಇದೆ, ಕಾರ್ಬನ್ ಮೊನಾಕ್ಸೈಡ್ ಇದೆ. ಟೂ-ಸ್ಟ್ರೋಕ್ ರಾಜ್ಯಭಾರ ನಡೆಸಿದ ಅಷ್ಟೂ ವರ್ಷ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಕಣಗಳ ಮಿತಿ, ಅಂದರೆ ಹೊಗೆಯ ಮಿತಿ, ಇರಲೇ ಇಲ್ಲ. ಜನರ ಕಣ್ಣಿಗೆ ಕಂಡದ್ದು ಹೊಗೆ, ಕಾನೂನಿನ ಕಣ್ಣಿಗೆ ಕಾಣದ್ದೂ ಅದೇ.

ಆಯಿಲಿಗೆ ಬರೋಣ. ನನಗೆ ಹೆಚ್ಚು ಆಸಕ್ತಿ ಇರೋದು ಇಲ್ಲೇ.

ಟೂ-ಸ್ಟ್ರೋಕಿನಲ್ಲಿ ಆಯಿಲ್ ಒಂದು ಕಡೆ ಕೂತು ಕೆಲಸ ಮಾಡಲ್ಲ. ಪೆಟ್ರೋಲ್ ಜೊತೆ ಬೆರೆತು ಬರುತ್ತೆ, ಕ್ರ್ಯಾಂಕ್ ಮತ್ತು ಬೇರಿಂಗಿಗೆ ಅಂಟಿಕೊಳ್ಳುತ್ತೆ, ಸಿಲಿಂಡರ್ ಗೋಡೆಗೆ ಪದರ ಕಟ್ಟುತ್ತೆ. ಆಮೇಲೆ ಒಂದಿಷ್ಟು ಸುಡುತ್ತೆ, ಒಂದಿಷ್ಟು ನುಸುಳುವ ಪೆಟ್ರೋಲಿನ ಜೊತೆಗೇ ಹಸಿಯಾಗಿ ಹೊರಗೆ ಹೋಗುತ್ತೆ. ಸೈಲೆನ್ಸರ್ ದಾಟಿ ತಣ್ಣಗಾದ ಕೂಡಲೇ ಆ ಆವಿ ಮೈಕ್ರಾನಿಗಿಂತ ಸಣ್ಣ ಹನಿಗಳಾಗುತ್ತೆ. ಈ ಹನಿಗಳು ಬೆಳಕು ಚದುರಿಸುವುದರಿಂದಲೇ ಹೊಗೆಗೆ ಆ ನೀಲಿ-ಬಿಳಿ ಬಣ್ಣ. ಡೀಸೆಲ್ಲಿನ ಕಪ್ಪು ಹೊಗೆ ಮಸಿ. ಇದು ಹೆಚ್ಚಾಗಿ ಎಣ್ಣೆಯ ಮಂಜು. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದು.

ಈಗಿನ ಬಹುತೇಕ ಸಣ್ಣ ಎಂಜಿನ್‌ಗಳಿಗೆ ಸರಿಯಾದ ಟೂ-ಟಿ ಆಯಿಲ್ ಹಾಕಿದರೆ 50:1 ಸಾಕು, ಲೀಟರಿಗೆ 20 ಮಿ.ಲೀ. ಹಳೇ ಕಾಲದ ಎಂಜಿನ್, ಹಳೇ ಕಾಲದ ಆಯಿಲಿಗೆ 25:1, ಅಂದರೆ 40 ಮಿ.ಲೀ. ರಾಯಕೋಟೆಯ ಅಣ್ಣ ಸುರಿದದ್ದು 40ಕ್ಕೂ ಮೇಲೆ ಅಂತ ನನ್ನ ಅಂದಾಜು. ಅದು ತಪ್ಪು ಮಾಹಿತಿ ಅನ್ನೋದಕ್ಕಿಂತ ಹಳೇ ಮಾಹಿತಿ. ಅವರ ತಂದೆಯ ಕಾಲದ ಗಾಡಿಗೆ ಅದು ಸರಿಯೇ ಇತ್ತು. ಆಯಿಲ್ ಬದಲಾಯಿತು, ಲೋಹ ಬದಲಾಯಿತು, ಕಣ್ಣಳತೆ ಮಾತ್ರ ಬದಲಾಗಲಿಲ್ಲ.

ಆಯಿಲಿನ ಜಾತಿ ವಿಷಯ. ಜಪಾನಿನ ಜಾಸೋ ಸಂಸ್ಥೆಯ ದರ್ಜೆಗಳು ನಿಮಗೆ ಡಬ್ಬಿಯ ಹಿಂದೆ ಕಾಣುತ್ತವೆ: ಎಫ್‌ಬಿ, ಎಫ್‌ಸಿ, ಎಫ್‌ಡಿ. ಒಂದು ಮಾದರಿ ಆಯಿಲಿಗೆ 100 ಅಂಕ ಅಂತ ಇಟ್ಟು ಉಳಿದವನ್ನು ಅದಕ್ಕೆ ಹೋಲಿಸುತ್ತಾರೆ. ಹೊಗೆಯ ಅಂಕ ಜಾಸ್ತಿ ಇದ್ದಷ್ಟೂ ಹೊಗೆ ಕಮ್ಮಿ. ಎಫ್‌ಬಿಗೆ ಕನಿಷ್ಠ 45 ಇದ್ದರೆ ಸಾಕು. ಎಫ್‌ಸಿ, ಎಫ್‌ಡಿಗೆ 85 ಬೇಕು. ಆದರೆ ಸವಕಳಿ ತಡೆಯುವ ಶಕ್ತಿಯ ಅಂಕ ಮೂರಕ್ಕೂ ಒಂದೇ, 95. "ಹೊಗೆ ಬರೋ ಆಯಿಲೇ ಗಟ್ಟಿ, ಹೊಗೆ ಬರದೇ ಇರೋದು ನೀರು" ಎಂಬ ಮಾತನ್ನು ಶೆಡ್ಡುಗಳಲ್ಲಿ ಎಷ್ಟು ಸಲ ಕೇಳಿದ್ದೀನೋ. ಈ ಅಂಕಗಳು ಅದನ್ನು ಒಪ್ಪಲ್ಲ. ಹೊಗೆ ಕಮ್ಮಿ ಆಗೋಕೆ ಕಾರಣ ಬೇರೆ. ಹಳೇ ಆಯಿಲಿನಲ್ಲಿ ಬ್ರೈಟ್ ಸ್ಟಾಕ್ ಎಂಬ ಭಾರವಾದ ಖನಿಜ ತೈಲ ಇರ್ತಿತ್ತು, ಅದು ಸುಲಭಕ್ಕೆ ಸುಡಲ್ಲ. ಹೊಸದರಲ್ಲಿ ಅದರ ಜಾಗಕ್ಕೆ ಪಾಲಿಐಸೋಬ್ಯುಟಿಲೀನ್ ಎಂಬ ಪಾಲಿಮರ್ ಬಂದಿದೆ. ಬಿಸಿಗೆ ಅದರ ಸರಪಳಿ ಬಿಚ್ಚಿ ಹಗುರ ಅನಿಲವಾಗಿ ಸುಟ್ಟುಹೋಗುತ್ತೆ. ಜಾರಿಸುವ ಕೆಲಸ ಮುಗಿಸಿ ಮಂಜಾಗದೆ ಹೋಗುತ್ತೆ.

ನಮ್ಮ ದೇಶದಲ್ಲಿ 1999ರ ಏಪ್ರಿಲ್ 1ರಿಂದ ಟೂ-ಟಿ ಆಯಿಲ್ ಜಾಸೋ ಎಫ್‌ಸಿ ಮತ್ತು ಎಪಿಐ ಟಿಸಿ ದರ್ಜೆಯದ್ದೇ ಆಗಿರಬೇಕು ಎಂದು ಕೇಂದ್ರದ ಆದೇಶವಾಯಿತು. ದೆಹಲಿಯಲ್ಲಿ ಅದಕ್ಕೂ ಮುಂಚೆ, 1998ರ ಕೊನೆಗೆ, ಬಿಡಿ ಆಯಿಲ್ ಮಾರಾಟ ನಿಲ್ಲಿಸಿ, ಅಳೆದು ಬೆರೆಸಿದ ಪೆಟ್ರೋಲನ್ನೇ ಬಂಕಿನಲ್ಲಿ ಕೊಡಿಸಿದರು. ನಮ್ಮ ಕಡೆಯ ಬಂಕುಗಳಲ್ಲೂ ಕೈಯಿಂದ ಒತ್ತುವ ಟೂ-ಟಿ ಪಂಪು ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಇದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೊಪೆಡ್ ಹೋಯಿತು, ಆ ಪಂಪೂ ಹೋಯಿತು. ಸ್ಪ್ರೇಯರಿನವರಿಗೆ ಈಗ ಅಳೆದು ಕೊಡೋರು ಯಾರೂ ಇಲ್ಲ.

ಅಳತೆ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಢಾಕಾ ನೆನಪಿಸಿಕೊಳ್ಳೋಣ. ಅಲ್ಲಿಯ ಟೂ-ಸ್ಟ್ರೋಕ್ ಆಟೋಗಳನ್ನು ಬೇಬಿ ಟ್ಯಾಕ್ಸಿ ಅಂತಿದ್ದರು. ವಿಶ್ವಬ್ಯಾಂಕ್ 2000ದಲ್ಲಿ ದಕ್ಷಿಣ ಏಷ್ಯಾದ ಟೂ-ಸ್ಟ್ರೋಕ್ ವಾಹನಗಳ ಬಗ್ಗೆ ತಂದ ವರದಿಯಲ್ಲಿ ಅಲ್ಲಿನ ಚಾಲಕರು ಶೇ 3ರ ಬದಲು ಶೇ 8ರಷ್ಟು ಆಯಿಲ್ ಬೆರೆಸುತ್ತಿದ್ದ ವಿಷಯ ಇದೆ. ಅದೂ ಟೂ-ಟಿ ಅಲ್ಲ, ಬಿಡಿಯಾಗಿ ಸಿಗುವ ಸಾದಾ ಖನಿಜ ತೈಲ. ಕಾರಣ ಕೇಳಿದರೆ ನಮ್ಮ ಅಣ್ಣನದೇ ಉತ್ತರ: ಜಾಸ್ತಿ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತೆ. ಕೊನೆಗೆ 2003ರ ಹೊತ್ತಿಗೆ ಆ ಗಾಡಿಗಳನ್ನೇ ಊರಿಂದ ಹೊರಗೆ ಹಾಕಬೇಕಾಯಿತು.

ಎಂಜಿನ್ ನಿಜವಾಗಲೂ ಬಾಳಿಕೆ ಬರುತ್ತಾ? ಇಲ್ಲ. ಸುಡದ ಆಯಿಲ್ ಪ್ಲಗ್ಗಿಗೆ ಕೂರುತ್ತೆ, ರಿಂಗ್ ಹಿಡಿಸುತ್ತೆ, ಎಕ್ಸಾಸ್ಟ್ ರಂಧ್ರದಲ್ಲೂ ಸೈಲೆನ್ಸರಿನ ಜಾಲರಿಯಲ್ಲೂ ಕರಿ ಕಟ್ಟುತ್ತೆ. ಹೊಗೆ ಸರಾಗ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣವೂ ಸರಿಯಾಗಿ ಒಳಗೆ ಬರಲ್ಲ. ಎಳೆತ ಕಮ್ಮಿ ಆಯಿತು ಅಂತ ಆಕ್ಸಿಲರೇಟರ್ ಇನ್ನೂ ಒತ್ತುತ್ತಾರೆ. ಜೊತೆಗೆ ಯಾರೂ ಯೋಚಿಸದ ಒಂದು ವಿಷಯ ಇದೆ. ಕಾರ್ಬುರೇಟರಿನ ಜೆಟ್ಟಿಗೆ ಪೆಟ್ರೋಲ್ ಯಾವುದು, ಆಯಿಲ್ ಯಾವುದು ಗೊತ್ತಿಲ್ಲ. ಅದು ಬಿಡೋದು ಇಷ್ಟು ಅಳತೆಯ ದ್ರವ ಅಷ್ಟೇ. ಆ ದ್ರವದಲ್ಲಿ ಆಯಿಲ್ ಜಾಸ್ತಿ ಆದರೆ ಪೆಟ್ರೋಲ್ ಕಮ್ಮಿ ಆಯಿತು. ದ್ರವ ಮಂದವಾದ್ದರಿಂದ ಜೆಟ್ಟಿನಲ್ಲಿ ಹರಿಯೋದೂ ನಿಧಾನ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಮೊದಲಿಗಿಂತ ಬಿಸಿಯಾಗಿ ಓಡುತ್ತೆ. ಸೀಜ್ ಆಗದಿರಲಿ ಅಂತ ಹಾಕಿದ ಆಯಿಲು ಸೀಜ್ ಆಗುವ ಕಡೆಗೇ ಸ್ವಲ್ಪ ತಳ್ಳುತ್ತೆ. ಪರಿಣಾಮ ದೊಡ್ಡದಲ್ಲ, ಆದರೆ ದಿಕ್ಕು ಅದೇ.

ಹೊಗೆ ತಪಾಸಣೆ ಬಗ್ಗೆ ಎರಡು ಮಾತು. ಪೆಟ್ರೋಲ್ ಗಾಡಿಗೆ ಐಡ್ಲಿಂಗಿನಲ್ಲಿ ಕೊಳವೆ ಇಟ್ಟು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ನೋಡ್ತಾರೆ. 2000ದ ಮಾರ್ಚ್ 31ರ ನಂತರ ತಯಾರಾದ ಟೂ-ಸ್ಟ್ರೋಕ್ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಮಿತಿ ಶೇ 3.5 ಮತ್ತು 6000 ಪಿಪಿಎಂ. ಫೋರ್-ಸ್ಟ್ರೋಕಿಗೆ 4500 ಪಿಪಿಎಂ. ಅದಕ್ಕಿಂತ ಹಳೆಯವಕ್ಕೆ ಶೇ 4.5 ಮತ್ತು 9000. ಯಂತ್ರ ಅಳೆಯೋದು ಇನ್‌ಫ್ರಾರೆಡ್ ಕಿರಣದಿಂದ. ಅದರ ಒಳಗಿನ ಅಂಗಗಳು ಹಾಳಾಗದಿರಲಿ ಅಂತ ಕೊಳವೆಯ ದಾರಿಯಲ್ಲಿ ಒಂದು ಫಿಲ್ಟರ್ ಇಟ್ಟಿರ್ತಾರೆ. ಎಣ್ಣೆಯ ಮಂಜು ಸಿಕ್ಕಿಹಾಕಿಕೊಳ್ಳೋದು ಆ ಫಿಲ್ಟರಿನಲ್ಲೇ! ಜಾರು ಎಣ್ಣೆ ಕುಡಿದು ಹಳದಿಯಾದ ಫಿಲ್ಟರ್ ಪಕ್ಕದಲ್ಲಿ ಬಿದ್ದಿರುತ್ತೆ, ಗಾಡಿಗೆ ಸರ್ಟಿಫಿಕೇಟ್ ಸಿಕ್ಕಿರುತ್ತೆ. ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ ಅಳೆಯುವ ಬೇರೆ ಯಂತ್ರ ಇದೆ, ಪೆಟ್ರೋಲಿಗೆ ಅದನ್ನು ಬಳಸಲ್ಲ. ಹೀಗಾಗಿ ಆಯಿಲನ್ನು ಎರಡು ಪಟ್ಟು ಹಾಕಿದವನೂ ಸರಿಯಾಗಿ ಹಾಕಿದವನೂ ಹೆಚ್ಚುಕಡಿಮೆ ಒಂದೇ ಅಂಕ ಪಡೆಯಬಹುದು.

ಇಂಧನದ ಕಡೆಗೆ ಬಂದರೆ, ಹಳೇ ವಿಷಯಗಳನ್ನು ಬೇಗ ಮುಗಿಸ್ತೀನಿ. ಸೀಸವಿಲ್ಲದ ಪೆಟ್ರೋಲ್ ಇಡೀ ದೇಶಕ್ಕೆ 2000ದ ಫೆಬ್ರವರಿಯಲ್ಲಿ ಬಂತು. ಅದು ಬರದೇ ಹೋಗಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಮಾತೇ ಇರಲಿಲ್ಲ, ಸೀಸ ಅದನ್ನು ಮುಚ್ಚಿ ಕೊಲ್ಲುತ್ತೆ. ಪೆಟ್ರೋಲಿನ ಗಂಧಕ ಸ್ಟೇಜ್ 3ರಲ್ಲಿ 150 ಪಿಪಿಎಂ, 4ರಲ್ಲಿ 50, 6ರಲ್ಲಿ 10 ಆಯಿತು. ಬೆಂಜೀನ್ ಶೇ 1ಕ್ಕೆ ಇಳಿಯಿತು. ಸಣ್ಣ ಎಂಜಿನ್ನಿನವರಿಗೆ ಈ ಕೊನೇ ಸಂಗತಿ ಮುಖ್ಯ, ಯಾಕೆಂದರೆ ನುಸುಳುವ ಹಸೀ ಪೆಟ್ರೋಲಿನಲ್ಲಿ ಏನಿದೆಯೋ ಅದನ್ನೇ ಅವರು ಉಸಿರಾಡೋದು. ಬೆಂಜೀನ್ ಕ್ಯಾನ್ಸರಿಗೆ ಕಾರಣ ಎಂಬುದರಲ್ಲಿ ಅನುಮಾನವೇ ಇಲ್ಲ.

ಸೀಮೆಎಣ್ಣೆ ಬೆರಕೆ ಗೊತ್ತಿರುವುದೇ. ಪೆಟ್ರೋಲ್ 200 ಡಿಗ್ರಿ ಸುತ್ತಮುತ್ತ ಪೂರ್ತಿ ಆವಿಯಾಗುತ್ತೆ. ಸೀಮೆಎಣ್ಣೆಯ ಭಾರದ ಭಾಗಕ್ಕೆ 250–300 ಡಿಗ್ರಿ ಬೇಕು. ತಣ್ಣಗಿನ ಸಣ್ಣ ಎಂಜಿನ್ನಿನಲ್ಲಿ ಅದು ಆವಿಯಾಗದೆ ಹನಿಯಾಗೇ ಉಳಿದು, ಅರೆಬರೆ ಸುಟ್ಟು, ಹೊಗೆ ಹೆಚ್ಚಿಸುತ್ತೆ. ಆಕ್ಟೇನ್ ಕಮ್ಮಿ ಆದ್ದರಿಂದ ಟಕಟಕ ಅಂತ ಬಡಿಯುತ್ತೆ. ಆದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ನೀರೆತ್ತುವ ಎಂಜಿನ್‌ಗಳ ವಿಷಯ ಬೇರೆ. ಅವನ್ನು ಅದಕ್ಕೆಂದೇ ಕಡಿಮೆ ಕಂಪ್ರೆಷನ್ ಇಟ್ಟು ಮಾಡಿರ್ತಾರೆ. ಅಲ್ಲಿ ಇರುವ ಒಂದೇ ಶಿಸ್ತು, ಎಂಜಿನ್ ಬಿಸಿಯಾಗೋವರೆಗೂ ಕಾಕ್ ತಿರುಗಿಸಬಾರದು. ಪೆಟ್ರೋಲ್ ಉಳಿಸೋಕೆ ಒಂದು ನಿಮಿಷಕ್ಕೇ ತಿರುಗಿಸ್ತೀವಿ, ಬಾವಿ ಸುತ್ತ ಕಣ್ಣುರಿಯುತ್ತೆ.

ಈಗಿನ ವಿಷಯ ಎಥನಾಲ್. 2022ರಲ್ಲಿ ಶೇ 10 ಬೆರಕೆ ತಲುಪಿದೆವು, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇ 20ಕ್ಕೆ ಚಾಲನೆ ಸಿಕ್ಕಿತು, ಈಗ ಬಂಕಿನಲ್ಲಿ ಸಿಗೋದೇ ಇ20. ಇದು ಸಣ್ಣ ಎಂಜಿನ್ನಿಗೆ ಒಳ್ಳೇದೋ ಕೆಟ್ಟದ್ದೋ ಅಂತ ಕೇಳಿದರೆ, ಹೊಗೆಗೆ ಒಂದು ಉತ್ತರ, ಎಂಜಿನ್ನಿಗೆ ಇನ್ನೊಂದು ಉತ್ತರ.

ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಸುಡೋಕೆ 14.7 ಕೆ.ಜಿ. ಗಾಳಿ ಬೇಕು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರೋದರಿಂದ 9 ಕೆ.ಜಿ. ಸಾಕು. ಇ20ಗೆ ಲೆಕ್ಕ ಹಾಕಿದರೆ ಸುಮಾರು 13.5. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಇಂಧನ ಹೆಚ್ಚಿಸುತ್ತೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಮೊದಲಿನಷ್ಟೇ ಬಿಡುತ್ತೆ. ಹೀಗಾಗಿ ಮಿಶ್ರಣ ಶೇ 8–9ರಷ್ಟು ತೆಳುವಾಗುತ್ತೆ. ಸ್ಪ್ರೇಯರ್, ಕಳೆ ಕತ್ತರಿಸುವ ಮಿಷನ್ ಎಲ್ಲ ತಂಪಾಗಿರಲಿ ಅಂತ ಬೇಕಂತಲೇ ದಪ್ಪ ಮಿಶ್ರಣಕ್ಕೆ ಹೊಂದಿಸಿರುವಂಥವು, ಅದಕ್ಕೇ ಅವುಗಳ ಕಾರ್ಬನ್ ಮೊನಾಕ್ಸೈಡ್ ಅಷ್ಟು ಜಾಸ್ತಿ. ತೆಳುವಾದಾಗ ಅದು ಗಣನೀಯವಾಗಿ ಇಳಿಯುತ್ತೆ. ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿಯಲ್ಲೂ ಇ20ರಿಂದ ದ್ವಿಚಕ್ರ ವಾಹನಗಳ ಮೊನಾಕ್ಸೈಡ್ ಶೇ 50ರಷ್ಟು, ಹೈಡ್ರೋಕಾರ್ಬನ್ ಶೇ 20ರಷ್ಟು ಕಡಿಮೆಯಾಗುತ್ತದೆಂದಿದೆ. ಬೆನ್ನ ಮೇಲೆ ಎಂಜಿನ್ ಹೊತ್ತವನಿಗೆ ತಲೆನೋವು ತರೋದು ಮುಖ್ಯವಾಗಿ ಮೊನಾಕ್ಸೈಡ್. ಅಷ್ಟರ ಮಟ್ಟಿಗೆ ಲಾಭವೇ. ಅಸಿಟಾಲ್ಡಿಹೈಡ್ ಮಾತ್ರ ಹೆಚ್ಚಾಗುತ್ತೆ, ಕಣ್ಣು ಮೂಗು ಉರಿಸೋದು ಅದು. ಟೂ-ಸ್ಟ್ರೋಕಿನಲ್ಲಿ ನುಸುಳುವ ಪಾಲು ಇ20ರಿಂದ ಬದಲಾಗಲ್ಲ, ನುಸುಳುವುದರಲ್ಲಿ ಐದನೇ ಒಂದು ಪಾಲು ಎಥನಾಲ್ ಆಗಿರುತ್ತೆ ಅಷ್ಟೇ.

ಎಂಜಿನ್ನಿನ ಕಷ್ಟ ಎರಡು. ತೆಳು ಮಿಶ್ರಣದಲ್ಲಿ ಬಿಸಿ ಜಾಸ್ತಿ. ಎರಡನೆಯದು ನೀರು. ನಮ್ಮ ರೈತರು ಐದು ಲೀಟರ್ ಕ್ಯಾನಿನಲ್ಲಿ ತಂದು ವಾರಗಟ್ಟಲೆ ಇಡ್ತಾರೆ. ಮಳೆಗಾಲದಲ್ಲಿ ಎಥನಾಲ್ ತೇವ ಹೀರುತ್ತೆ. ಒಂದು ಮಿತಿ ದಾಟಿದ ಮೇಲೆ ನೀರು-ಎಥನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಟ್ಯಾಂಕಿನ ಪೈಪು ಎಳೆಯೋದು ತಳದಿಂದ. ಅಂದರೆ ಎಂಜಿನ್ನಿಗೆ ಹೋಗೋದು ಆಯಿಲ್ ಇಲ್ಲದ ದ್ರವ. ಎಂಜಿನ್ ಹಿಡಿದುಕೊಳ್ಳುತ್ತೆ. ಆಗ ಶೆಡ್ಡಿನಲ್ಲಿ ಸಿಗುವ ಸಲಹೆ ಏನು? "ಆಯಿಲ್ ಸಾಕಾಗಿಲ್ಲ, ಇನ್ನೂ ಜಾಸ್ತಿ ಹಾಕು." ನಿಜವಾದ ಪರಿಹಾರ, ಬೇಕಾದಷ್ಟೇ ತಂದು ಒಂದೆರಡು ವಾರದಲ್ಲಿ ಮುಗಿಸುವುದು, ಕ್ಯಾನ್ ತುಂಬಿ ಬಿಗಿಯಾಗಿ ಮುಚ್ಚಿಡುವುದು, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡುವುದು. ಆದರೆ ಹೀಗೆ ಹಿಡಿದುಕೊಂಡ ಒಂದೊಂದು ಎಂಜಿನ್ನೂ ಆ ಹಳೇ ನಂಬಿಕೆಯನ್ನೇ ಗಟ್ಟಿ ಮಾಡುತ್ತೆ. ಇ20 ಬಂದ ಮೇಲೆ ಹೊಗೆ ಕಮ್ಮಿ ಆಗುವ ಬದಲು, ಭಯದಿಂದ ಆಯಿಲ್ ಹೆಚ್ಚಿ ಹೊಗೆ ಜಾಸ್ತಿ ಆಗಬಹುದು ಎಂಬುದು ನನ್ನ ಆತಂಕ.

ಫೋರ್-ಸ್ಟ್ರೋಕಿನಲ್ಲಿ ಆಯಿಲಿನ ಪಾತ್ರ ಚಿಕ್ಕದು. ಅದು ಕೆಳಗೆ ಬೇರೆಯಾಗಿರುತ್ತೆ. ರಿಂಗ್ ಸವೆದಾಗ, ಗೆರೆ ಮೀರಿ ತುಂಬಿದಾಗ ಮಾತ್ರ ಸುಡೋ ಜಾಗಕ್ಕೆ ಬರುತ್ತೆ. ಆಗ ಅದರಲ್ಲಿನ ರಂಜಕ ಕನ್ವರ್ಟರನ್ನು ನಿಧಾನವಾಗಿ ಹಾಳು ಮಾಡುತ್ತೆ. ಡಬ್ಬಿ ಮೇಲೆ ಹೇಳಿದ ದರ್ಜೆ, ಹೇಳಿದ ಅಳತೆ ಹಾಕಿದರೆ ಮುಗಿಯಿತು.

ಕೊನೆಯ ಭಾಗ, ಬೆನ್ನ ಮೇಲಿನ ಎಂಜಿನ್. ರಸ್ತೆಯಿಂದ ಟೂ-ಸ್ಟ್ರೋಕ್ ಹೋಯಿತು ಅಂತ ನಾವು ಪಾಠದಲ್ಲಿ ಬರೀತೀವಿ. ಅದು ಹೋಗಿದ್ದು ಹೊಲಕ್ಕೆ. ಕೃಷ್ಣಗಿರಿಯ ಮಾವಿನ ತೋಪಿನಲ್ಲಿ ಎಂಜಿನ್ ನೆಲದ ಮೇಲಿಟ್ಟು ಉದ್ದ ಪೈಪಿನಲ್ಲಿ ಹೊಡೆಯುವಾಗ ಹೊಗೆ ದೂರ ಇರುತ್ತೆ. ತರಕಾರಿ ಹೊಲದಲ್ಲಿ ಬೆನ್ನಿಗೆ ಕಟ್ಟಿಕೊಂಡಾಗ ಸೈಲೆನ್ಸರಿಗೂ ಮೂಗಿಗೂ ಎರಡು-ಮೂರು ಗೇಣು. ಕಳೆ ಮಿಷನ್ನಿನವರು ದಿನಗೂಲಿಗೆ ಬೆಳಗಿಂದ ಸಂಜೆವರೆಗೂ ಅದರ ಜೊತೆಗಿರ್ತಾರೆ. ಲೀಟರ್ ಪೆಟ್ರೋಲಿನಲ್ಲಿ ಕಾಲು ಭಾಗ ನುಸುಳಿದರೆ 185 ಗ್ರಾಂ. ರಸ್ತೆಯಲ್ಲಿ ಅದು 50 ಕಿ.ಮೀ. ಉದ್ದಕ್ಕೆ ಹಂಚಿಹೋಗುತ್ತಿತ್ತು. ಇಲ್ಲಿ ಒಬ್ಬನೇ ಮನುಷ್ಯನ ಸುತ್ತ ಬೀಳುತ್ತೆ.

ಸ್ವೀಡನ್ನಿನಲ್ಲಿ ಇದೇ ಸಮಸ್ಯೆ ಮರ ಕಡಿಯುವವರಿಗಿತ್ತು, ಚೈನ್ ಸಾ ಹೊಗೆಯಿಂದ ತಲೆನೋವು, ವಾಕರಿಕೆ. 1980ರ ದಶಕದಲ್ಲಿ ಅಲ್ಲಿ ಆಲ್ಕಿಲೇಟ್ ಪೆಟ್ರೋಲ್ ಬಂತು. ಬೆಂಜೀನ್ ಮತ್ತಿತರ ಆರೋಮ್ಯಾಟಿಕ್‌ಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲದ, ಸಣ್ಣ ಎಂಜಿನ್‌ಗಳಿಗೆಂದೇ ಮಾಡಿದ ಪೆಟ್ರೋಲ್. ಅದಕ್ಕೆ ಅವರು ರಾಷ್ಟ್ರೀಯ ಮಾನದಂಡವನ್ನೂ ಬರೆದರು. ಎಂಜಿನ್ ಅದೇ, ನುಸುಳುವ ಪಾಲೂ ಅದೇ, ನುಸುಳುವ ವಸ್ತುವನ್ನು ಬದಲಾಯಿಸಿದರು. ಇಂಧನದ ಆಯ್ಕೆಯಿಂದ ಏನು ಸಾಧ್ಯ ಅನ್ನೋದಕ್ಕೆ ನನಗೆ ಕಂಡ ಅತ್ಯಂತ ಸ್ವಚ್ಛ ಉದಾಹರಣೆ ಇದು. ಬೆಲೆ ಜಾಸ್ತಿ, ನಮ್ಮ ಬಂಕಿನಲ್ಲಿ ಸಿಗಲ್ಲ.

ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆ (ವಿದ್ಯಾರ್ಥಿನಿ): ಸರ್, ನಮ್ಮೂರಲ್ಲಿ ಬೈಕಿನಿಂದ ಇಳಿಸಿದ ಹಳೇ ಆಯಿಲನ್ನೇ ಸ್ಪ್ರೇಯರಿಗೆ ಬೆರೆಸ್ತಾರೆ. ಆಯಿಲ್ ಆಯಿಲೇ ಅಲ್ವಾ ಅಂತಾರೆ.

ಉತ್ತರ: ಇಲ್ಲಮ್ಮ. ಫೋರ್-ಸ್ಟ್ರೋಕ್ ಆಯಿಲನ್ನು ಸುಡದೇ ಇರಲಿ ಅಂತ ಮಾಡಿರ್ತಾರೆ. ಅದರಲ್ಲಿ ಸತು, ಕ್ಯಾಲ್ಸಿಯಂ ಸಂಯುಕ್ತಗಳಿವೆ, ಸುಟ್ಟರೆ ಬೂದಿ. ಇಳಿಸಿದ ಆಯಿಲ್ ಆದರೆ ಜೊತೆಗೆ ಮಸಿ, ಲೋಹದ ಪುಡಿ. ಪ್ಲಗ್ ಹಾಳು, ಹೊಗೆ ದಟ್ಟ, ಆ ಹೊಗೆಯಲ್ಲಿ ಲೋಹ ಬೇರೆ. ಟೂ-ಟಿ ಆಯಿಲ್ ಕಡಿಮೆ ಬೂದಿಯದ್ದು. ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಸಾಕು ಅಂದ ಮೇಲೆ, ಹಳೇದು ಹಾಕಿ ಉಳಿಯುವ ದುಡ್ಡು ಒಂದು ಪ್ಲಗ್ಗಿಗೂ ಸಾಕಾಗಲ್ಲ.

ಪ್ರಶ್ನೆ (ವಿದ್ಯಾರ್ಥಿ): ದುಬಾರಿ ಪೆಟ್ರೋಲ್, ಹೆಚ್ಚು ಆಕ್ಟೇನಿನದ್ದು ಹಾಕಿದರೆ ಹೊಗೆ ಕಮ್ಮಿ ಆಗುತ್ತಾ?

ಉತ್ತರ: ಆಕ್ಟೇನ್ ಹೇಳೋದು ಬಡಿತ ತಡೆಯುವ ಶಕ್ತಿಯನ್ನು. ಕಂಪ್ರೆಷನ್ ಕಡಿಮೆ ಇರುವ ಈ ಎಂಜಿನ್‌ಗಳಿಗೆ ಅದರ ಅಗತ್ಯ ಇಲ್ಲ. ಆ ದುಡ್ಡನ್ನು ಎಫ್‌ಡಿ ದರ್ಜೆಯ ಆಯಿಲಿಗೆ ಹಾಕಿ.

ಪ್ರಶ್ನೆ (ಅಧ್ಯಾಪಕರು): ಬ್ಯಾಟರಿ ಸ್ಪ್ರೇಯರ್ ಬಂದಿರುವಾಗ ಈ ಚರ್ಚೆ ತಡವಾಯಿತು ಅನಿಸಲ್ಲವೇ?

ಉತ್ತರ: ಸಣ್ಣ ತಾಕಿಗೆ ಬ್ಯಾಟರಿಯೇ ಸರಿ ಸರ್, ಹೊಗೆಯೂ ಇಲ್ಲ, ಸದ್ದೂ ಇಲ್ಲ. ಆದರೆ ಪವರ್ ಸ್ಪ್ರೇಯರ್ ಔಷಧಿಯನ್ನು ಗಾಳಿಯಲ್ಲಿ ಊದಿ ದೂರ ಎಸೆಯುತ್ತೆ, ಆ ಕೆಲಸಕ್ಕೆ ಸಾಮಾನ್ಯ ಬ್ಯಾಟರಿ ಪಂಪು ಸಾಲಲ್ಲ. ಕೂಲಿಗೆ ಹೊಡೆಯುವವರು ಕೈಲಿರುವ ಮಿಷನ್ ಕೆಡೋವರೆಗೂ ಬಿಡಲ್ಲ. ಅಲ್ಲಿಯವರೆಗೆ ಅಳತೆಯಾದರೂ ಸರಿ ಇರಲಿ ಅಂತ.

ಪ್ರಶ್ನೆ (ವಿದ್ಯಾರ್ಥಿ): ಆ ರಾಯಕೋಟೆ ಅಣ್ಣ ಈಗ ಅಳೆದು ಹಾಕ್ತಾರಾ?

ಉತ್ತರ: ಕೆಮ್ಮಿನ ಸಿರಪ್ಪಿನ ಜೊತೆ ಬರುತ್ತಲ್ಲ, 10 ಮಿ.ಲೀ. ಗೆರೆ ಇರುವ ಪ್ಲಾಸ್ಟಿಕ್ ಮುಚ್ಚಳ, ಅದನ್ನು ಕೊಟ್ಟು ಲೀಟರಿಗೆ ಎರಡು ಅಂತ ಹೇಳಿ ಬಂದಿದ್ದೆ. ಮುಂದಿನ ಸಲ ಹೋದಾಗ ಮುಚ್ಚಳ ಬಾಟಲಿಗೆ ದಾರದಲ್ಲಿ ಕಟ್ಟಿದ್ದರು. ನನ್ನೆದುರೇ ಎರಡು ಮುಚ್ಚಳ ಹಾಕಿದರು. ಆಮೇಲೆ ನನ್ನ ಮುಖ ನೋಡಿ ಇನ್ನೂ ಅರ್ಧ ಹಾಕಿ, "ಇದು ಧೈರ್ಯಕ್ಕೆ" ಅಂದರು.